ಭೀಮಗಡದ ಶಿಬಿರದಲ್ಲಿ ತುರ್ತು ಚಿಕಿತ್ಸೆ ಕಲಿಸಿದ ನನ್ನ ಅನುಭವ

ಖಾನಾಪುರ ತಾಲ್ಲೂಕಿನ ಭೀಮಗಡ ಅಭಯಾರಣ್ಯದಲ್ಲಿ ಕಳ್ಳಬೇಟೆ ತಡೆ ಶಿಬಿರದ ವಾಚರ್‌ಗಳಿಗೆ ತುರ್ತು ಚಿಕಿತ್ಸೆ ಕಲಿಸಲು ಹೊರಟಾಗ, "ಇವರ ಕೈಗೆ ಟೂರ್ನಿಕೆಟ್ ಕೊಟ್ಟರೆ ಇದ್ದ ಕಾಲನ್ನೂ ಕಳೆಯುತ್ತಾರೆ" ಎಂದು ನನ್ನ ಸಹೋದ್ಯೋಗಿಗಳೇ ಎಚ್ಚರಿಸಿದ್ದರು. ಟೂರ್ನಿಕೆಟ್ ಎಂದರೆ ರಕ್ತಸ್ರಾವ ನಿಲ್ಲಿಸಲು ಕೈಕಾಲಿಗೆ ಸುತ್ತಿ, ಕಡ್ಡಿ ತಿರುಗಿಸಿ ಬಿಗಿಯುವ ಪಟ್ಟಿ. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಸಭಾಭವನದಲ್ಲಿ 2 ದಿನ ಪರದೆಯ ಮೇಲೆ ಚಿತ್ರ ತೋರಿಸಿ, ಊಟ, ಬಾಡಿಗೆಗೆಂದು ಸುಮಾರು 18,000 ರೂಪಾಯಿ ಸುರಿದು, 2 ತಿಂಗಳ ಬಳಿಕ ಹಾವು ಕಡಿತದ ಅಣಕು ಪರೀಕ್ಷೆ ಮಾಡಿದರೆ, 11 ಜನರಲ್ಲಿ 7 ಜನ ಹಾವು ಕಡಿತಕ್ಕೆ ಬಿಗಿಯಬಾರದ ಟೂರ್ನಿಕೆಟನ್ನೇ ಬಿಗಿದರು. ತಪ್ಪು ಅವರದಲ್ಲ, ರಕ್ತಸ್ರಾವವನ್ನೂ ಹಾವು ಕಡಿತವನ್ನೂ ಒಂದೇ ಮಧ್ಯಾಹ್ನ ಕಲಿಸಿದವನು ನಾನು.

ಮರುವರ್ಷ 15 ದಿನಕ್ಕೊಮ್ಮೆ ಶಿಬಿರಕ್ಕೇ ಹೋಗಿ, ರಾತ್ರಿ ಊಟವಾದ ಮೇಲೆ ಬ್ಯಾಟರಿ ಆರಿಸಿ, ಅರ್ಧ ಗಂಟೆ ಒಂದೇ ವಿಷಯ ಕಲಿಸತೊಡಗಿದೆ. ರಕ್ತದ ಸಾಮಾನು ಕೆಂಪು ಚೀಲಕ್ಕೆ ಹೋಯಿತು. ಹಾವಿನ ಪಾಠವನ್ನು ತಿಂಗಳು ತಡೆದು, ಅದರ ಬಿದಿರು ದಬ್ಬೆ, ಅಗಲ ಬಟ್ಟೆಗಳನ್ನು ಹಸಿರು ಚೀಲಕ್ಕೆ ಹಾಕಿದೆ. ಆಮೇಲೆ ಯಾರೂ ಚೀಲ ತಪ್ಪಲಿಲ್ಲ.

ಆನ್‌ಲೈನ್‌ನಲ್ಲಿ ತಲಾ 400 ರೂಪಾಯಿಗೆ ತರಿಸಿದ 12 ನಕಲಿ ಟೂರ್ನಿಕೆಟ್‌ಗಳಲ್ಲಿ ಐದರ ಕಡ್ಡಿ ಮೂರನೆಯ ಸುತ್ತಿಗೇ ಮುರಿಯಿತು. ಅವು ಅಭ್ಯಾಸಕ್ಕೂ ಬೇಡ. ಮುರಿದೀತೆಂಬ ಅಂಜಿಕೆಯಲ್ಲಿ ಕೈ ಅರೆಬರೆ ಬಿಗಿಯುವುದನ್ನೇ ರೂಢಿಸಿಕೊಳ್ಳುತ್ತದೆ. ಅರೆಬರೆ ಬಿಗಿತಕ್ಕೆ ಅಪಧಮನಿಯ ಹರಿವು ನಿಲ್ಲದೆ, ಅಭಿಧಮನಿಯಷ್ಟೇ ಮುಚ್ಚಿ, ಸ್ರಾವ ಇನ್ನೂ ಹೆಚ್ಚುತ್ತದೆ. ಅಸಲಿ ಪಟ್ಟಿಗಳು ಸುಮಾರು 3,000 ರೂಪಾಯಿಯವು; ನಾಲ್ಕನ್ನು ಸ್ವಂತ ಹಣದಲ್ಲಿ ಕೊಂಡೆ.

ಗಾಯದೊಳಗೆ ಗಾಜ್ ಬಟ್ಟೆ ತುರುಕುವುದನ್ನು ಕಲಿಸಲು ಕುಂಬಳಕಾಯಿ ಕೊರೆದು, ಸಲೈನ್ ನಳಿಕೆಯಿಂದ ಕುಂಕುಮದ ನೀರು ಹರಿಸಿ ನೋಡಿದೆ. ಅದು ಒತ್ತಿದರೆ ಬಗ್ಗುವುದಿಲ್ಲ. ಹಳೆಯ ಫೋಮ್ ಹಾಸಿಗೆಯ ತುಂಡೇ ಮಾಂಸಕ್ಕೆ ಹತ್ತಿರ. ಜುಲೈ ಮಳೆಯಲ್ಲಿ ಗಾಜ್‌ಗೆ ಬೂಸ್ಟು ಹಿಡಿಯದಂತೆ ಕಂಡುಕೊಂಡ ಉಪಾಯವನ್ನು ಮಾತ್ರ ಶಿಬಿರಕ್ಕೆ ಬಂದವರಿಗಷ್ಟೇ ತೋರಿಸುತ್ತೇನೆ.

ಕಳೆದ ಮಳೆಗಾಲದಲ್ಲಿ ಗಸ್ತಿನ ದಾರಿಗೆ ಬಿದ್ದ ಬಿದಿರು ಕಡಿಯುವಾಗ ಕೊಯ್ತಾ ಜಾರಿ ಒಬ್ಬನ ಮೊಣಕಾಲ ಕೆಳಗೆ ಆಳವಾಗಿ ಹೊಕ್ಕಿತು. ಜೊತೆಗಾರರಿಬ್ಬರು ತೊಡೆಗೆ ಪಟ್ಟಿ ಬಿಗಿದು, ಕಂಬಳಿಯ ಜೋಲಿಯಲ್ಲಿ ಹೊತ್ತು, 3 ಕಿಲೋಮೀಟರ್ ದೂರದ ಹೆಮ್ಮಡಗಾ ರಸ್ತೆಯನ್ನು ಒಂದು ಗಂಟೆ ಚಿಲ್ಲರೆಯಲ್ಲಿ ಮುಟ್ಟಿಸಿದರು. 108ರ ಗಾಡಿ ಕಾಯುತ್ತಿತ್ತು. ಮಳೆಯಲ್ಲಿ ತೊಯ್ದರೂ, ತೊಡೆಯ ಮೇಲೆ ಬಾಲ್‌ಪೆನ್ನಿನಿಂದ ಬರೆದಿದ್ದ, ಪಟ್ಟಿ ಬಿಗಿದ ಸಮಯ "4.10" ಆಸ್ಪತ್ರೆ ಮುಟ್ಟುವವರೆಗೂ ಅಳಿಸಿರಲಿಲ್ಲ. ಕಾಲು ಉಳಿಯಿತು, 3 ತಿಂಗಳ ಬಳಿಕ ಆತ ಗಸ್ತಿಗೆ ಮರಳಿದ.