ಇಸುಬಿಗೆ ಮುಲಾಮು: ಎಷ್ಟು, ಎಲ್ಲಿ, ಯಾವಾಗ?

ವಯಸ್ಕರಲ್ಲಿ ಇಸುಬು, ಅಂದರೆ ಎಕ್ಸಿಮಾ, ಹೆಚ್ಚಾಗಿ ಕೈಗಳು, ಮೊಣಕೈ ಮತ್ತು ಮಂಡಿಯ ಮಡಿಕೆಗಳು, ಕತ್ತು, ಕಣ್ಣಿನ ರೆಪ್ಪೆ ಇಂಥ ಕಡೆ ಕಾಣಿಸಿಕೊಳ್ಳುತ್ತದೆ. ಮುಲಾಮು ಹಚ್ಚುವ ಮುನ್ನ ಅದು ಇಸುಬೇ ಹೌದೇ ಎಂಬುದನ್ನು ಚರ್ಮರೋಗ ತಜ್ಞರಿಂದ ಖಚಿತಪಡಿಸಿಕೊಳ್ಳಬೇಕು. ಶಿಲೀಂಧ್ರದಿಂದ ಬರುವ ಹುಳುಕಡ್ಡಿಯನ್ನೇ ಇಸುಬೆಂದು ತಿಳಿದು, ಸ್ಟೀರಾಯ್ಡ್ (ಉರಿಯೂತ ತಗ್ಗಿಸುವ ಔಷಧ) ಬೆರೆತ ಕ್ರೀಮನ್ನು ಔಷಧ ಅಂಗಡಿಯಿಂದ ನೇರವಾಗಿ ತಂದು ಹಚ್ಚಿದರೆ ತುರಿಕೆ ನಾಲ್ಕು ದಿನ ಅಡಗಿರುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹರಡುತ್ತಿರುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಷೆಡ್ಯೂಲ್ ‘ಎಚ್’ಗೆ ಸೇರಿಸಿತಾದರೂ, ಕೌಂಟರಿನಲ್ಲಿ ಚೀಟಿ ಕೇಳುವವರು ಇಂದಿಗೂ ಕಡಿಮೆ.

ಮೊದಲ ಹೆಜ್ಜೆ ತೇವ ಕಾಯುವುದು. ಇಸುಬಿನ ಚರ್ಮ ತನ್ನೊಳಗಿನ ನೀರನ್ನು ಹಿಡಿದಿಟ್ಟುಕೊಳ್ಳಲಾರದು. ಆದ್ದರಿಂದ ಸುಡುನೀರು ಬಿಟ್ಟು, ಉಗುರುಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷದೊಳಗೆ ಸ್ನಾನ ಮುಗಿಸಿ, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿಯಾಗಿರುವಾಗಲೇ ಪರಿಮಳವಿಲ್ಲದ ಮಾಯಿಶ್ಚರೈಸರನ್ನು ಕೂದಲು ಬೆಳೆಯುವ ದಿಕ್ಕಿನಲ್ಲಿ ಧಾರಾಳವಾಗಿ ಸವರಬೇಕು. ತೀರಾ ಒಣಗಿ ಬಿರಿದ ಚರ್ಮಕ್ಕೆ ಲೋಷನ್ನಿಗಿಂತ ಜಿಡ್ಡಿನ ಮುಲಾಮು ಮೇಲು. ಮೈತುಂಬ ಇಸುಬಿರುವ ವಯಸ್ಕರಿಗೆ ವಾರಕ್ಕೆ 250ರಿಂದ 500 ಗ್ರಾಂ ಬೇಕಾದೀತು. ಪುಟ್ಟ ಟ್ಯೂಬನ್ನು ತಿಂಗಳುಗಟ್ಟಲೆ ಎಳೆಯುವವರಿಗೆ ಗುಣ ಕಾಣದಿರುವುದರಲ್ಲಿ ಆಶ್ಚರ್ಯವಿಲ್ಲ. ಒಂದು ಎಚ್ಚರಿಕೆ: ಇಂಥ ಜಿಡ್ಡು ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುವುದರಿಂದ ಒಲೆ, ದೀಪಗಳ ಬಳಿ ಜಾಗ್ರತೆ ಬೇಕು.

ಕೆಂಪಾಗಿ ಉರಿಯೆದ್ದಿರುವ ಜಾಗಕ್ಕೆ ಮಾಯಿಶ್ಚರೈಸರ್ ಒಂದೇ ಸಾಲದು, ಅಲ್ಲಿ ಸ್ಟೀರಾಯ್ಡ್ ಬೇಕು. ಹೈಡ್ರೊಕಾರ್ಟಿಸೋನ್ ಸೌಮ್ಯವಾದದ್ದು, ಮೊಮೆಟಸೋನ್ ಪ್ರಬಲ, ಕ್ಲೊಬೆಟಸಾಲ್ ಅತಿ ಪ್ರಬಲ. ಯಾವ ಜಾಗಕ್ಕೆ ಯಾವುದು, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಅಳತೆಗೆ ಮಾತ್ರ ನಿಮ್ಮ ತೋರುಬೆರಳೇ ಸಾಕು. ಅದರ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ ಆಗುತ್ತದೆ, ಬೆರಳುಗಳೂ ಸೇರಿದಂತೆ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸರಿಹೋಗುತ್ತದೆ. ಒಂದು ತೋಳಿಗೆ ಇಂಥ ಮೂರು ಅಳತೆ, ಹಸ್ತಕ್ಕೆ ಒಂದು. ದಿನಕ್ಕೆರಡು ಸಲವಾದರೆ ನಾಲ್ಕು ಗ್ರಾಂ. ಅಂದರೆ ಒಂದು ಕೈಗೇ ವಾರದಲ್ಲಿ 28 ಗ್ರಾಂ ಮುಗಿಯುತ್ತದೆ. ಮಾಯಿಶ್ಚರೈಸರ್ ಮತ್ತು ಸ್ಟೀರಾಯ್ಡ್ ನಡುವೆ ಕಾಲು ಗಂಟೆಯಾದರೂ ಅಂತರವಿರಲಿ.

‘ಸ್ಟೀರಾಯ್ಡ್’ ಎಂದೊಡನೆ ಹೆದರಿ ಎರಡೇ ದಿನಕ್ಕೆ ಬಿಡುವವರೂ ಇದ್ದಾರೆ, ಮುಖ ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಬಳಿಯುವವರೂ ಇದ್ದಾರೆ. ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಾಣುವ ಸ್ಥಿತಿ ಬರುವುದು ಬಹುಮಟ್ಟಿಗೆ ಎರಡನೆಯವರಿಗೆ. ಸೂಚಿಸಿದಷ್ಟು ದಿನ ಹಚ್ಚಿ ಇಸುಬು ತಣಿದ ಮೇಲೆ, ಪದೇ ಪದೇ ಮರುಕಳಿಸುವ ಜಾಗಕ್ಕೆ ವಾರದಲ್ಲಿ ಎರಡು ದಿನ ಮಾತ್ರ ಮುಂದುವರಿಸುವಂತೆ ತಜ್ಞರು ಹೇಳುವುದುಂಟು.

ರೆಪ್ಪೆ, ಮುಖ, ಕಂಕುಳಿನಂಥ ತೆಳುಚರ್ಮಕ್ಕೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮನ್ನು ಕೊಡುತ್ತಾರೆ. ಇದು ಶೇ 0.03 ಮತ್ತು ಶೇ 0.1ರ ಪ್ರಮಾಣದಲ್ಲಿ ಸಿಗುತ್ತದೆ. ಮೊದಲ ಕೆಲವು ದಿನ ಚುರುಚುರು ಎನ್ನುವುದು ಸಾಮಾನ್ಯ, ಅದು ಅಲರ್ಜಿಯಲ್ಲ. ಸಹಿಸಿದರೆ ತಾನೇ ಕಡಿಮೆಯಾಗುತ್ತದೆ.

ಇಸುಬಿನ ಜಾಗ ಒಸರಿ ಹಳದಿ ಹಕ್ಕಳೆ ಕಟ್ಟಿದರೆ ಸೋಂಕು ತಗುಲಿರಬಹುದು, ಬೇಗ ವೈದ್ಯರಿಗೆ ತೋರಿಸಬೇಕು. ನೋವಿನ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು ಜ್ವರವೂ ಬಂದರೆ ಅದು ಹರ್ಪಿಸ್ ವೈರಾಣುವಿನ ಸೋಂಕಾಗಿರುವ ಸಾಧ್ಯತೆಯಿದೆ. ಅಂದೇ ಆಸ್ಪತ್ರೆಗೆ ಹೋಗಬೇಕು, ಕಣ್ಣಿನ ಸುತ್ತ ಎದ್ದಿದ್ದರಂತೂ ಕ್ಷಣವೂ ತಡಮಾಡಬಾರದು.