ಮಂಗ ಸತ್ತ ಸುದ್ದಿ ಮೊದಲು ಡೇರಿಗೆ ಬರುತ್ತೆ

ಸಾಗರ ತಾಲ್ಲೂಕಿನ ಒಂದು ಪಿಎಚ್‌ಸಿಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದಾಗ ನನ್ನ ಹತ್ತಿರ ನೂರು ಪುಟದ ಒಂದು ನೋಟ್‌ಬುಕ್ ಇತ್ತು. ಮಂಗ ಸತ್ತ ಜಾಗ, ದಿನ, ಹೇಳಿದವರು ಯಾರು, ಇಷ್ಟೇ ಅದರಲ್ಲಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆ, ಅಂದರೆ ಕೆಎಫ್‌ಡಿ ಗುರುತಾದಾಗಲೂ ಮೊದಲು ಸುಳಿವು ಕೊಟ್ಟಿದ್ದು ಸತ್ತ ಮಂಗಗಳೇ.

ಜ್ವರದ ಲೆಕ್ಕವನ್ನೇ ನಂಬಿಕೊಂಡರೆ ಕೆಲಸ ಕೆಟ್ಟಿತು. ಉಣುಗು ಕಚ್ಚಿದ ಮೇಲೆ ಜ್ವರ ಬರೋಕೆ 3ರಿಂದ 8 ದಿನ. ಆಸ್ಪತ್ರೆಗೆ ಬರೋದು ಕಷಾಯ ಕುಡಿದು ನೋಡಿದ ಮೇಲೆ. ಆಮೇಲೆ ರಕ್ತ ಶಿವಮೊಗ್ಗದ ಲ್ಯಾಬಿಗೆ ಹೋಗಿ ರಿಪೋರ್ಟ್ ಬರಬೇಕು. ಅಷ್ಟರೊಳಗೆ ಇಡೀ ಕೇರಿ ಸೊಪ್ಪಿನ ಬೆಟ್ಟಕ್ಕೆ ಹೋಗಿ ಬಂದಿರುತ್ತೆ.

ಮೊದಲ ವರ್ಷ ಕರಪತ್ರ ಹಂಚಿ, ನನ್ನ ನಂಬರ್ ಕೊಟ್ಟು ಕಾದೆ. ಒಂದು ಫೋನೂ ಬರಲಿಲ್ಲ. ಕೊನೆಗೆ ಒಬ್ಬ ಅಮ್ಮ ಮುಖಕ್ಕೇ ಹೇಳಿದರು: "ಹೇಳಿದ್ರೆ ಬೆಟ್ಟಕ್ಕೆ ಹೋಗಬೇಡಿ ಅಂತೀರಿ ಮಾರಾಯ್ರೇ. ಕೊಟ್ಟಿಗೆಗೆ ತರಗೆಲೆ ನೀವು ತಂದು ಹಾಕ್ತೀರಾ?"

ಮರುವರ್ಷ 'ಹೋಗಬೇಡಿ' ಅನ್ನೋ ಮಾತೇ ಬಿಟ್ಟೆ. ಯಾವ ಮನೆಯಿಂದ ಎಷ್ಟು ಜನ ಬೆಟ್ಟಕ್ಕೆ ಹೋಗ್ತಾರೆ ಅಂತ ಆಶಾಗಳ ಕೈಲಿ ಪಟ್ಟಿ ಮಾಡಿಸಿ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಮೊದಲು ಆ ಮನೆಗಳಿಗೆ ಮುಟ್ಟಿಸಿದೆ. ಹಿಂದಿನ ವರ್ಷ ಎಣ್ಣೆ ಬೇಕೆಂದು ಕಳಿಸಿದ ಇಂಡೆಂಟ್ ಒಂದು ಸಹಿಗಾಗಿ ವಾಪಸ್ ಬಂದು, ಎಣ್ಣೆ ಕೈಸೇರುವಾಗ ಜನವರಿ ಆಗಿತ್ತು. ಹಾಗಾಗಿ ಈ ಸಲ ಗೌರಿ ಹಬ್ಬ ಮುಗಿದ ವಾರವೇ ಕಳಿಸಿದ್ದೆ. ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಡೇರಿ ಕಟ್ಟೆ ಮೇಲೆ ಕೂರತೊಡಗಿದೆ. ಪ್ರಶ್ನೆಯನ್ನೂ ಬದಲಿಸಿದೆ. ಮಂಗ ಸತ್ತಿದ್ದನ್ನು ಕಂಡವರು ಕಡಿಮೆ, ಮೂಗಿಗೆ ಬಡಿದವರು ಜಾಸ್ತಿ. "ಬೆಟ್ಟದ ಕಡೆ ಎಲ್ಲಾದ್ರೂ ವಾಸನೆ ಬರ್ತಿದೆಯಾ?"

ಜನವರಿಯಲ್ಲಿ ಅದೇ ಅಮ್ಮನ ಮಗ ಕ್ಯಾನ್ ಕೆಳಗಿಡುತ್ತಾ ಹೇಳಿದ, "ಹೊಳೆ ದಾರೀಲಿ ನಿನ್ನೆಯಿಂದ ನಾತ ಸಾರ್." ಹೋಗಿ ನೋಡಿದರೆ ಬಿದಿರು ಮೆಳೆಯ ಬುಡದಲ್ಲಿ ಒಂದು ಮುಸಿಯ. ಪಶುವೈದ್ಯರು ಸ್ಯಾಂಪಲ್ ತೆಗೆದ ಮೇಲೆ ಅರಣ್ಯದವರು ಸುಟ್ಟರು, ನಾವು ಸುತ್ತ 50 ಅಡಿ ಮೆಲಾಥಿಯಾನ್ ಪುಡಿ ಹೊಡೆದೆವು. ಅದಕ್ಕೂ ಮೊದಲು ಬಿಳಿ ಫ್ಲಾನೆಲ್ ಬಟ್ಟೆಯನ್ನು ತರಗೆಲೆ ಮೇಲೆ ಎಳೆದಿದ್ದೆವು. ಎತ್ತಿ ನೋಡಿದರೆ ಎಳ್ಳು ಚೆಲ್ಲಿದ ಹಾಗೆ ಮರಿ ಉಣುಗು. ಆ ಬಟ್ಟೆಯನ್ನು ಡೇರಿಗೆ ತಂದು ತೋರಿಸಿದ್ದರೆ ಕರಪತ್ರವೇ ಬೇಕಿರಲಿಲ್ಲ, ಆದರೆ ತರುವಂತಿಲ್ಲವಲ್ಲ!

ಅಂದೇ ಸಂಜೆಯಿಂದ ಆ ದಾರಿಯ ಮನೆಗಳಿಗೆ ದಿನಾ ಜ್ವರ ಕೇಳಲು ಹೋದೆವು. ಆರನೇ ದಿನ ಇಬ್ಬರಿಗೆ ಮೈ ಸುಡುತ್ತಿತ್ತು. ಒಬ್ಬರದು ಪಾಸಿಟಿವ್ ಬಂತು. ಪ್ಲೇಟ್ಲೆಟ್ ಇಳಿಯೋ ಮುಂಚೆಯೇ ಅವರು ವಾರ್ಡಿನಲ್ಲಿದ್ದರು.