ಬಾವಿಯಲ್ಲಿ ನೀರೆಷ್ಟಿತ್ತು? ಅರಿವಿನ ಕನಸಿನ ಅಭ್ಯಾಸದಲ್ಲಿ ನನ್ನ ಅನುಭವ

ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂಬ ಅರಿವು ನನಗೆ ಮೊದಲ ಬಾರಿ ಮೂಡಿದ್ದು ಅಭ್ಯಾಸ ಆರಂಭಿಸಿದ ಮೂರನೆಯ ವಾರದಲ್ಲಿ. ಎರಡನೆಯ ಬಾರಿ ಮೂಡಿದ್ದು ಅದಾಗಿ ಏಳು ತಿಂಗಳ ಬಳಿಕ. ಲೂಸಿಡ್ ಡ್ರೀಮ್ ಎಂದು ಕರೆಯಲ್ಪಡುವ ಇದನ್ನು ನಾನು ನನ್ನ ನೋಟುಪುಸ್ತಕದಲ್ಲಿ ‘ಅರಿವಿನ ಕನಸು’ ಎಂದು ಬರೆದುಕೊಳ್ಳುತ್ತೇನೆ. ಇದನ್ನು ಸಾಧಿಸುವ ವಿಧಾನಗಳನ್ನು ವಿವರಿಸಿದವರು ಬಹಳ ಮಂದಿ ಇದ್ದಾರೆ. ಏನೂ ಘಟಿಸದ ಆ ಏಳು ತಿಂಗಳಲ್ಲಿ ಉತ್ಸಾಹವನ್ನು ಉಳಿಸಿಕೊಳ್ಳುವುದು ಹೇಗೆಂದು ಹೇಳಿದವರು ನನಗೆ ಸಿಗಲಿಲ್ಲ. ಆದ್ದರಿಂದ ಅಷ್ಟನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ನಾನು ಉಡುಪಿಯ ಕುಂಜಿಬೆಟ್ಟಿನಲ್ಲಿ ತಾಯಿ ಮತ್ತು ಪತ್ನಿಯೊಂದಿಗೆ ವಾಸವಾಗಿದ್ದೇನೆ, ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಈ ವಿಷಯ ಕೇವಲ ಕಲ್ಪನೆಯಲ್ಲ ಎಂದು ನನ್ನನ್ನು ಒಪ್ಪಿಸಿದ್ದು ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ 1975ರಲ್ಲಿ ಕೀತ್ ಹರ್ನ್ ನಡೆಸಿದ ಪ್ರಯೋಗ. ಕನಸು ಹೆಚ್ಚಾಗಿ ಬೀಳುವ ‘ರೆಮ್’ ನಿದ್ದೆಯಲ್ಲಿ ದೇಹದ ಸ್ನಾಯುಗಳು ಬಹುಪಾಲು ಸಡಿಲಗೊಂಡು ನಿಶ್ಚಲವಾಗಿದ್ದರೂ ಕಣ್ಣುಗುಡ್ಡೆಗಳು ಚಲಿಸುತ್ತಿರುತ್ತವೆ. ಹಾಗಾಗಿ ಕನಸಿನೊಳಗೆ ಎಚ್ಚರಗೊಂಡವನು ಮೊದಲೇ ಮಾತಾಡಿಕೊಂಡಂತೆ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿದರೆ ಹೊರಗಿನ ಯಂತ್ರದಲ್ಲಿ ಅದರ ಗೆರೆ ಮೂಡುತ್ತದೆ. ಅಲನ್ ವರ್ಸ್ಲಿ ಎಂಬವರು ನಿದ್ದೆಯ ಒಳಗಿನಿಂದ ಆ ಸಂಕೇತವನ್ನು ಕಳುಹಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀಫನ್ ಲಬರ್ಜ್ ಇದೇ ದಾರಿಯಲ್ಲಿ ಸ್ವತಂತ್ರವಾಗಿ ಇದನ್ನು ಸಾಧಿಸಿ ತೋರಿಸಿದರು. ಅವರೆಲ್ಲ ಕನಸಿನೊಳಗೆ ಒಂದು ಕೆಲಸವನ್ನು ಹೊತ್ತುಕೊಂಡೇ ಹೋಗಿದ್ದರು ಎಂಬುದನ್ನು ನಾನು ಮೊದಲ ಓದಿನಲ್ಲಿ ಗಮನಿಸಲಿಲ್ಲ. ಅದು ಎಷ್ಟು ಮುಖ್ಯವಾದ ಸಂಗತಿಯೆಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು.

ಮೊದಲ ಅನುಭವ ಫೆಬ್ರವರಿಯಲ್ಲಿ ಆಯಿತು. ಹಗಲಿನಲ್ಲಿ ಆಗಾಗ ಮೂಗನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಉಸಿರೆಳೆಯಲು ನೋಡುವ ಪರೀಕ್ಷೆಯನ್ನು ರೂಢಿಸಿಕೊಂಡಿದ್ದೆ. ಎಚ್ಚರದಲ್ಲಿ ಉಸಿರು ಬರುವುದಿಲ್ಲ, ಕನಸಿನಲ್ಲಿ ಸಾಮಾನ್ಯವಾಗಿ ಸರಾಗವಾಗಿ ಬರುತ್ತದೆ. ಆ ದಿನ ಬೆಳಗಿನ ಜಾವದ ಕನಸಿನಲ್ಲಿ ನಾನು ರಥಬೀದಿಯಲ್ಲಿ ನಡೆಯುತ್ತಿದ್ದೆ. ಬೀದಿಯಲ್ಲಿ ಒಬ್ಬನೇ ಒಬ್ಬ ಮನುಷ್ಯನೂ ಇರಲಿಲ್ಲ. ಅಭ್ಯಾಸಬಲದಿಂದ ಮೂಗು ಮುಚ್ಚಿದೆ, ತಣ್ಣನೆಯ ಗಾಳಿ ಎದೆಯ ತುಂಬ ಹೋಯಿತು. ಅರಿವಾದ ಮರುಕ್ಷಣ ಎಷ್ಟು ಸಂತೋಷವಾಯಿತೆಂದರೆ, ಆ ಸಂತೋಷಕ್ಕೇ ಎಚ್ಚರವಾಗಿಬಿಟ್ಟಿತು. ಎಲ್ಲ ಸೇರಿ ಹತ್ತು ಸೆಕೆಂಡು ಇದ್ದಿರಬಹುದು.

ಬೇಗ ಸಿಕ್ಕಿದ ಈ ಗೆಲುವೇ ಮುಂದಿನ ಸೋಲಿಗೆ ಕಾರಣವಾಯಿತು ಎಂದು ಈಗ ನನಗೆ ಖಚಿತವಾಗಿ ಅನ್ನಿಸುತ್ತದೆ. ಮತ್ತೆ ಬೇಕೆಂಬ ಆತುರದಲ್ಲಿ ನಾನು ಪ್ರತಿ ರಾತ್ರಿ ಮೂರು ಗಂಟೆಗೆ ಅಲಾರಂ ಇಟ್ಟು ಏಳತೊಡಗಿದೆ. ಒಂದು ನಿದ್ದೆಯ ಆವೃತ್ತಿ ಸುಮಾರು 90 ನಿಮಿಷದ್ದು, ರಾತ್ರಿ ಸರಿದಂತೆ ಆವೃತ್ತಿಯೊಳಗಿನ ರೆಮ್ ಭಾಗ ಉದ್ದವಾಗುತ್ತದೆ. ಆದ್ದರಿಂದ ಐದು ಗಂಟೆ ನಿದ್ದೆ ಮಾಡಿ ಎದ್ದು, ಸ್ವಲ್ಪ ಹೊತ್ತು ಎಚ್ಚರವಿದ್ದು ಮರಳಿ ಮಲಗುವುದು ಸರಿಯಾದ ಕ್ರಮವೇ. ಈ ಕ್ರಮ ನಮ್ಮ ಕಡೆಯ ಮಕ್ಕಳಿಗೆ ಹೊಸತೂ ಅಲ್ಲ: ಬಯಲಿನಲ್ಲಿ ರಾತ್ರಿಯಿಡೀ ಯಕ್ಷಗಾನದ ಆಟ ನೋಡಲು ಹೋದಾಗ ಚಾಪೆಯ ಮೇಲೆ ನಿದ್ದೆ ಹೋಗಿ, ನಡುರಾತ್ರಿ ದಾಟಿದ ಮೇಲೆ ಚಂಡೆಯ ಪೆಟ್ಟಿಗೆ ಎಚ್ಚೆತ್ತು, ದೊಡ್ಡ ಕಿರೀಟದ ಬಣ್ಣದ ವೇಷವನ್ನು ನೋಡಿ ಮತ್ತೆ ಒರಗಿದರೆ ಬೀಳುತ್ತಿದ್ದ ಕನಸುಗಳ ದಟ್ಟತೆ ನನಗೆ ಇನ್ನೂ ನೆನಪಿದೆ. ಆದರೆ ದಿನವೂ ಹಾಗೆ ನಿದ್ದೆ ಮುರಿದುಕೊಂಡರೆ ದೇಹ ತಡೆಯುವುದಿಲ್ಲ. ಮಾರ್ಚ್ ಕೊನೆಯ ಲೆಕ್ಕ ಮುಗಿಸುವ ದಿನಗಳಲ್ಲಿ ಕೂಡಿಸಿದ್ದನ್ನೇ ಮೂರು ಸಲ ಕೂಡಿಸುವಂತಾಯಿತು. “ನಿಮ್ಮ ಮುಖ ನೋಡಿದ್ದೀರಾ? ಇದು ಸಾಕು,” ಎಂದು ಪತ್ನಿ ಹೇಳಿದಾಗ ಅಲಾರಂ ನಿಲ್ಲಿಸಿದೆ. ಅದರೊಂದಿಗೆ ಪುಸ್ತಕವೂ ನಿಂತಿತು. ಏಪ್ರಿಲ್ ಪೂರ್ತಿ ನಾನು ಒಂದು ಕನಸನ್ನೂ ಬರೆಯಲಿಲ್ಲ.

ಮತ್ತೆ ಆರಂಭಿಸಲು ಎರಡು ಸಂಗತಿಗಳು ಕಾರಣವಾದವು. ಒಂದು, ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದ ಡೆನ್‌ಹೋಮ್ ಆಸ್ಪಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಅಂಕಿಗಳು. ಹಗಲಿನ ಪರೀಕ್ಷೆ, ಐದು ಗಂಟೆ ನಿದ್ದೆಯ ಬಳಿಕ ಎದ್ದು ಮತ್ತೆ ಮಲಗುವುದು, ಮಲಗುವಾಗ ಕನಸನ್ನು ಕನಸೆಂದು ಗುರುತಿಸುತ್ತೇನೆಂಬ ಸಂಕಲ್ಪವನ್ನು ಹೇಳಿಕೊಳ್ಳುವುದು, ಈ ಮೂರನ್ನೂ ಸೇರಿಸಿ ಒಂದು ವಾರ ಮಾಡಿದವರಿಗೆ ದೊರೆತ ಯಶಸ್ಸು ಸುಮಾರು ಶೇಕಡ 17. ನಾನು ಲೆಕ್ಕದ ಮನುಷ್ಯ. ಆ ಸಂಖ್ಯೆ ನನಗೆ ಯಾವ ಪ್ರೋತ್ಸಾಹದ ಮಾತಿಗಿಂತಲೂ ಹೆಚ್ಚಿನ ಸಮಾಧಾನ ಕೊಟ್ಟಿತು. ಎಲ್ಲವನ್ನೂ ಸರಿಯಾಗಿ ಮಾಡಿದರೂ ಆರರಲ್ಲಿ ಐದು ರಾತ್ರಿ ಬರಿದಾಗಿಯೇ ಹೋಗುತ್ತವೆ ಎಂದಾದರೆ, ಬರಿದಾದ ರಾತ್ರಿಯನ್ನು ನನ್ನ ಅಸಾಮರ್ಥ್ಯಕ್ಕೆ ಸಾಕ್ಷಿಯೆಂದು ಎಣಿಸಬೇಕಾಗಿರಲಿಲ್ಲ. ಅದೇ ಅಧ್ಯಯನದಲ್ಲಿ, ಸಂಕಲ್ಪ ಮುಗಿಸಿ ಐದು ನಿಮಿಷದೊಳಗೆ ನಿದ್ದೆ ಹೋದವರಿಗೆ ಹೆಚ್ಚುಕಡಿಮೆ ಶೇಕಡ 46ರಷ್ಟು ಯಶಸ್ಸು ಸಿಕ್ಕಿತ್ತು. ಹಟ ಹಿಡಿದು ಎಚ್ಚರವಾಗಿ ಮಲಗಿರುವುದರಿಂದ ಪ್ರಯೋಜನವಿಲ್ಲ, ಸುಲಭವಾಗಿ ಮರಳಿ ನಿದ್ದೆಗೆ ಜಾರುವುದೇ ಮುಖ್ಯ ಎಂದು ನಾನು ಅದನ್ನು ಅರ್ಥ ಮಾಡಿಕೊಂಡೆ. ಮೇ ತಿಂಗಳಿಂದ ಶನಿವಾರ ರಾತ್ರಿ ಮಾತ್ರ ಅಲಾರಂ ಎಂದು ನಿಶ್ಚಯಿಸಿದೆ. ಎದ್ದಾಗ ಮೊಬೈಲ್ ಮುಟ್ಟುವುದಿಲ್ಲ, ನೀರು ಕುಡಿದು ಹಿಂದಿನ ಕನಸನ್ನು ಬರೆದು ಕಾಲು ಗಂಟೆಯೊಳಗೆ ಮಲಗುತ್ತೇನೆ.

ಎರಡನೆಯ ಕಾರಣ ನನ್ನ ತಾಯಿ. ಅವರಿಗೆ ಎಪ್ಪತ್ತೊಂದು ವರ್ಷ. ನಾನು ಪುಸ್ತಕ ಬಿಟ್ಟದ್ದು ಅವರಿಗೆ ತಿಳಿದಿರಲಿಲ್ಲ, ಅಥವಾ ತಿಳಿದೂ ಲಕ್ಷಿಸಲಿಲ್ಲವೋ ಏನೋ, ಬೆಳಿಗ್ಗೆ ಕಾಫಿ ಕೊಡುವಾಗ “ಇವತ್ತು ಎಂತ ಕನಸು ಬಿತ್ತು ನಿನಗೆ?” ಎಂದು ಕೇಳುವುದನ್ನು ಅವರು ನಿಲ್ಲಿಸಲೇ ಇಲ್ಲ. ಏನೂ ಇಲ್ಲವೆಂದರೆ ತಮಗೆ ಬಿದ್ದದ್ದನ್ನು ಹೇಳುತ್ತಿದ್ದರು. ದಿನವೂ ಏನೂ ಇಲ್ಲವೆನ್ನುವುದು ನನಗೇ ಸಂಕೋಚವೆನಿಸಿ, ಒಂದು ತುಣುಕನ್ನಾದರೂ ಉಳಿಸಿಕೊಳ್ಳಬೇಕೆಂದು ಎಚ್ಚರವಾದ ತಕ್ಷಣ ಮಗ್ಗುಲು ಬದಲಿಸದೆ, ಕಣ್ಣು ತೆರೆಯದೆ, ಕೊನೆಗೆ ಕಂಡದ್ದೇನು ಎಂದು ಹುಡುಕತೊಡಗಿದೆ. ಕೊನೆಯ ತುದಿ ಕೈಗೆ ಸಿಕ್ಕಿದರೆ ಅದರ ಹಿಂದಿನದು, ಅದರ ಹಿಂದಿನದು ಎಂದು ಹಗ್ಗ ಎಳೆದಂತೆ ಉಳಿದದ್ದೂ ಬರುತ್ತದೆ. ಒಮ್ಮೆ ಮಗ್ಗುಲು ಹೊರಳಿದರೆ ಎಲ್ಲವೂ ಹೋಗುತ್ತದೆ. ಮೊದಲ ವಾರ ದಿನಕ್ಕೆ ಎರಡು ಸಾಲು ಸಿಗುತ್ತಿತ್ತು, ಜೂನ್ ಕೊನೆಗೆ ಒಂದು ಪುಟ ತುಂಬುತ್ತಿತ್ತು. ಅರಿವಿನ ಕನಸುಗಳನ್ನು ಎಣಿಸುವುದನ್ನು ಬಿಟ್ಟು ನಾನು ಪುಟಗಳನ್ನು ಎಣಿಸತೊಡಗಿದೆ. ಮೊದಲಿನದು ನನ್ನ ಕೈಯಲ್ಲಿರಲಿಲ್ಲ, ಎರಡನೆಯದು ಪ್ರತಿದಿನವೂ ನನ್ನ ಕೈಯಲ್ಲಿತ್ತು. ಇಡೀ ಅಭ್ಯಾಸದಲ್ಲಿ ನಾನು ಮಾಡಿಕೊಂಡ ಬದಲಾವಣೆಗಳಲ್ಲಿ ನನ್ನ ಮಟ್ಟಿಗೆ ಅತ್ಯಂತ ಫಲ ಕೊಟ್ಟದ್ದು ಇದು.

ಈ ನಡುವೆ ಒಂದು ಬೆಳಗ್ಗೆ ಎಚ್ಚರವಾಗಿಯೂ ಕೈಕಾಲು ಅಲ್ಲಾಡಿಸಲಾಗದೆ ಕೆಲವು ಕ್ಷಣ ಮಲಗಿದ್ದೆ. ರೆಮ್ ನಿದ್ದೆಯ ಸ್ನಾಯುಗಳ ಸಡಿಲಿಕೆ ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ಉಳಿದರೆ ಹೀಗಾಗುತ್ತದೆ ಎಂದು ಓದಿದ್ದರಿಂದ ಧೈರ್ಯಗೆಡಲಿಲ್ಲ. ತಿಳಿಯದವರು ಹೆದರುವುದು ಸಹಜ. ನಿದ್ದೆಯ ತೊಂದರೆ ಮೊದಲೇ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದೆಂಬುದು ನನ್ನ ಅಭಿಪ್ರಾಯ.

ಜುಲೈಯ ಒಂದು ಭಾನುವಾರ, ಹೊರಗೆ ಕಾಲಿಡಲಾಗದ ಮಳೆಯಲ್ಲಿ, ಮೇ ತಿಂಗಳಿಂದ ಬರೆದ ಅರುವತ್ತೊಂದು ಕನಸುಗಳನ್ನು ಒಟ್ಟಿಗೆ ಕುಳಿತು ಓದಿದೆ. ಅವುಗಳಲ್ಲಿ ಹದಿನಾಲ್ಕು ಕಟಪಾಡಿಯ ನಮ್ಮ ಹಳೆಯ ಮನೆಯಲ್ಲಿ ನಡೆದಿದ್ದವು. ಹೆದ್ದಾರಿ ಅಗಲವಾದಾಗ ಆ ಮನೆ ಹೋಯಿತು. ಹೆಂಚಿನ ಮಾಡು, ಜಗಲಿ, ಮುರಕಲ್ಲಿನ ಬಾವಿಕಟ್ಟೆ ಯಾವುದೂ ಈಗ ಇಲ್ಲ. ಇಲ್ಲದ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಓಡಾಡುತ್ತಿದ್ದ ನನಗೆ ಒಮ್ಮೆಯೂ ಅನುಮಾನ ಬಂದಿರಲಿಲ್ಲ. ಅಂದಿನಿಂದ ಗಂಟೆಗೊಮ್ಮೆ ಯಾಂತ್ರಿಕವಾಗಿ ಮೂಗು ಮುಚ್ಚುವುದನ್ನು ಬಿಟ್ಟು, ಮುರಕಲ್ಲಿನ ಗೋಡೆಯನ್ನೋ ಬಾವಿಯನ್ನೋ ಕಂಡಾಗ ಮಾತ್ರ ನಿಂತು ಪರೀಕ್ಷಿಸತೊಡಗಿದೆ. ನಮ್ಮೂರಿನಲ್ಲಿ ಇವೆರಡಕ್ಕೆ ಕೊರತೆಯಿಲ್ಲ. ಮಲಗುವಾಗ ಹೇಳಿಕೊಳ್ಳುತ್ತಿದ್ದ ‘ಮುಂದಿನ ಸಲ ಕನಸು ಕಾಣುವಾಗ ನಾನು ಕನಸು ಕಾಣುತ್ತಿದ್ದೇನೆಂದು ನೆನಪಿಸಿಕೊಳ್ಳುತ್ತೇನೆ’ ಎಂಬ ಉದ್ದದ ವಾಕ್ಯ ನಾಲಿಗೆಗೇ ಒಗ್ಗಿರಲಿಲ್ಲ. ಅದರ ಬದಲು ‘ಬಾವಿ ಕಂಡರೆ ಕನಸು’ ಎಂದು ಹೇಳಿಕೊಳ್ಳತೊಡಗಿದೆ.

ಸೆಪ್ಟೆಂಬರಿನ ಒಂದು ಶನಿವಾರದ ರಾತ್ರಿ ನಾನು ಆ ಬಾವಿಕಟ್ಟೆಗೆ ಒರಗಿ ನಿಂತಿದ್ದೆ. ಮೂಗು ಮುಚ್ಚಿದೆ, ಉಸಿರು ಬಂತು. ಈ ಬಾರಿ ಸಂತೋಷವನ್ನು ಹಿಡಿದುಕೊಂಡು, ಓದಿದ್ದಂತೆ ಎರಡು ಅಂಗೈಗಳನ್ನು ಉಜ್ಜಿಕೊಂಡೆ. ಅಂಗೈ ಬಿಸಿಯಾದಂತೆ ಸುತ್ತಲಿನದೆಲ್ಲ ನಿಚ್ಚಳವಾಯಿತು. ಕಟ್ಟೆಯ ಕಲ್ಲಿನ ಮೇಲೆ ಕೈಯಿಟ್ಟೆ. ಮುರಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಹಾವಸೆ ಬೆಳೆದಿತ್ತು, ಹಗ್ಗ ಉಜ್ಜಿ ಉಜ್ಜಿ ನುಣುಪಾದ ಗೀರು ಬೆರಳಿಗೆ ತಗಲಿತು. ಆ ಗೀರು ಅಲ್ಲಿತ್ತೆಂಬುದನ್ನು ನಾನು ಎಂದೋ ಮರೆತಿದ್ದೆ. ಒಂದೆರಡು ನಿಮಿಷ ಹಾಗೆಯೇ ಇದ್ದು ಎಚ್ಚರವಾಯಿತು.

ಕಾಫಿಯ ಹೊತ್ತಿಗೆ ತಾಯಿಗೆ ಎಲ್ಲವನ್ನೂ ಹೇಳಿದೆ. ಅವರು ಗೀರಿನ ಮಾತಿಗೆ ತಲೆಯಾಡಿಸಿ, “ಬಾವಿಯಲ್ಲಿ ನೀರೆಷ್ಟಿತ್ತು?” ಎಂದು ಕೇಳಿದರು. ನಾನು ಬಗ್ಗಿ ನೋಡಿಯೇ ಇರಲಿಲ್ಲ. ಹಲ್ ಮತ್ತು ಸ್ಟ್ಯಾನ್‌ಫರ್ಡಿನ ಪ್ರಯೋಗಗಳು ನನಗೆ ಮತ್ತೆ ನೆನಪಾದದ್ದು ಆಗ. 2021ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ ಮತ್ತು ನೆದರ್‌ಲ್ಯಾಂಡ್ಸ್‌ನ ತಂಡಗಳು ಒಟ್ಟು 36 ಮಂದಿಯೊಂದಿಗೆ ನಡೆಸಿದ ಪ್ರಯೋಗಗಳ ವರದಿಯಲ್ಲಿ, ನಿದ್ದೆಯಲ್ಲಿದ್ದ ಒಬ್ಬರು ಎಂಟರಲ್ಲಿ ಆರು ಕಳೆದರೆ ಎಷ್ಟು ಎಂಬ ಪ್ರಶ್ನೆಗೆ ಕಣ್ಣನ್ನು ಎರಡು ಬಾರಿ ಹೊರಳಿಸಿ ಉತ್ತರಿಸಿದ ಸಂಗತಿ ಇದೆ. ಅವರಿಗೆಲ್ಲ ಒಳಗೆ ಹೋದ ಮೇಲೆ ಮಾಡಬೇಕಾದ ಒಂದು ಸಣ್ಣ ಕೆಲಸವಿತ್ತು. ನನಗೆ ಏಳು ತಿಂಗಳ ಕಾಲ ಇದ್ದದ್ದು ಅರಿವಿನ ಕನಸು ಬೀಳಬೇಕೆಂಬ ಬಯಕೆ ಮಾತ್ರ. ಮುಂದಿನ ಶನಿವಾರ ಮಲಗುವ ಮೊದಲು ಪುಸ್ತಕದ ಹೊಸ ಪುಟದಲ್ಲಿ ‘ಬಾವಿಗೆ ಬಗ್ಗಿ ನೀರು ನೋಡಬೇಕು’ ಎಂದು ಬರೆದೆ. ಬಳಿಕದ ಬರಿದಾದ ರಾತ್ರಿಗಳು ನನ್ನನ್ನು ಮೊದಲಿನಂತೆ ಕುಗ್ಗಿಸಲಿಲ್ಲ. ಆಗದೆ ಉಳಿದ ಕೆಲಸವೊಂದು ಮುಂದಿನ ವಾರಕ್ಕೆ ಹೋಯಿತು ಅನ್ನಿಸುತ್ತಿತ್ತು, ಅಷ್ಟೆ.

ನವೆಂಬರಿನ ಎರಡನೆಯ ವಾರ ಬಗ್ಗಿ ನೋಡಿದೆ. ನೀರು ಕಟ್ಟೆಯಿಂದ ಮೂರು ಮೊಳ ಕೆಳಗಿತ್ತು, ಕೈ ಚಾಚಿದರೆ ಮುಟ್ಟೀತು ಎನ್ನುವಂತೆ. ತಾಯಿಗೆ ಹೇಳಿದಾಗ ಅವರು ಮಲ್ಲಿಗೆ ಕಟ್ಟುತ್ತಿದ್ದ ಬಾಳೆನಾರನ್ನು ಬದಿಗಿಟ್ಟು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಅದು ಆಟಿ ತಿಂಗಳು,” ಎಂದರು. ಆಟಿಯೆಂದರೆ ಜುಲೈ-ಆಗಸ್ಟಿನ ಮಳೆಗಾಲದಲ್ಲಿ ಬರುವ ತುಳು ತಿಂಗಳು. ಬಳಿಕ, “ಬಾವಿಯ ಬದಿಯಲ್ಲಿ ಬಿಂಬುಳಿ ಮರ ಉಂಟಾ ಅಂತ ನೋಡಿ ಬಾ ಮಗಾ,” ಎಂದು ಹೇಳಿ ಮತ್ತೆ ನಾರನ್ನು ಕೈಗೆತ್ತಿಕೊಂಡರು. ಈಗ ನನ್ನ ಪುಸ್ತಕದ ಹೊಸ ಪುಟದ ಮೇಲಿರುವುದು ಆ ಮರ.